ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ ಮೇಲೆ ಪೋಲೋ ಎಡಕ್ಕೆ ವಾಲಿದೆ, ಎಲ್ಲಿಂದ ಹುಡುಕೋದು?

ಕೆಂಪು_ಪೋಲೋ
ಎಲ್ಲರಿಗೂ ನಮಸ್ಕಾರ. ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 1.2 ಎಂಜಿನ್, ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್). ನಾನು ಎರಡನೇ ಮಾಲೀಕ. 78 ಸಾವಿರ ಕಿ.ಮೀ. ಓಡಿದೆ. ಕಳೆದ ಶನಿವಾರ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಮುಂದೆ 35 ಮಿ.ಮೀ., ಹಿಂದೆ 30 ಮಿ.ಮೀ. ಇಳಿಯುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿದೆ. ಶಾಕ್ ಅಬ್ಸಾರ್ಬರ್ ಹಳೆಯವೇ, ಲೀಕ್ ಇಲ್ಲ.

ಮನೆಗೆ ತಂದು ಪಾರ್ಕಿಂಗಿನಲ್ಲಿ ನಿಲ್ಲಿಸಿ ಹಿಂದೆ ಸರಿದು ನೋಡಿದರೆ ಮುಂದಿನ ಎಡ ಮೂಲೆ ಕುಗ್ಗಿ ಕೂತಿದೆ. ಟೇಪು ಹಿಡಿದು ನೆಲದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಅಳೆದೆ. ಮುಂದೆ ಎಡ 625, ಮುಂದೆ ಬಲ 642. ಅಂದರೆ 17 ಮಿ.ಮೀ. ವ್ಯತ್ಯಾಸ. ಹಿಂದೆ ಬಲ ಸ್ವಲ್ಪ ಎತ್ತರ ಇದೆ ಅನ್ನಿಸಿತು, ಅದನ್ನು ಅಳೆದಿಲ್ಲ.

ಗ್ಯಾರೇಜಿಗೆ ಫೋನ್ ಮಾಡಿದರೆ "ಒಂದು ಸಾವಿರ ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಅಂದರು. ನಿಜವಾ? ಮೂರು ತಿಂಗಳು ದುಡ್ಡು ಕೂಡಿಟ್ಟು ಹಾಕಿಸಿದ್ದು. ರಾತ್ರಿ ನಿದ್ದೆ ಬರುತ್ತಿಲ್ಲ.

ಘಾಟಿ_ರೋಡ್
ಸೆಟ್ ಆಗುತ್ತೆ ಗುರು. ನಂದೂ ಹಾಗೇ ಇತ್ತು. ಚಾರ್ಮಾಡಿ ಒಂದು ಸಲ ಹತ್ತಿ ಇಳಿದು ಬಾ.

ಸ್ಪ್ಯಾನರ್_13
ಸೆಟ್ ಆಗೋದು ನಿಜ, ಆದರೆ 17 ಮಿ.ಮೀ. ಸೆಟ್ ಆಗೋದಿಲ್ಲ. ಒಳ್ಳೆ ಸ್ಪ್ರಿಂಗನ್ನು ಫ್ಯಾಕ್ಟರಿಯಲ್ಲೇ ಪೂರ್ತಿ ಒತ್ತಿ ಬಿಟ್ಟಿರುತ್ತಾರೆ. ಆಮೇಲೆ ಅದು ಇಳಿಯೋದು ಒಂದೆರಡು ಮಿ.ಮೀ. ಅಷ್ಟೇ, ಅದೂ ಎರಡೂ ಕಡೆ ಒಂದೇ ಥರ. ಒಂದು ಕಡೆ ಮಾತ್ರ ಇಳಿಯಬೇಕು ಅಂದರೆ ಅಲ್ಲಿ ಬೇರೆ ಏನೋ ಇದೆ.

ಮೊದಲು ಅಳತೆ ಸರಿ ಮಾಡಿ. ನೆಲದಿಂದ ಅಳೆಯಬೇಡಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿಗೆ ಅಳೆಯಿರಿ. ಆಗ ಟೈರಿನ ಗಾಳಿ, ಟೈರಿನ ಸವೆತ ಎರಡೂ ಲೆಕ್ಕದಿಂದ ಹೊರಗೆ ಹೋಗುತ್ತವೆ. ನಾಲ್ಕೂ ಮೂಲೆ ಅಳೆಯಿರಿ, ಎರಡಲ್ಲ. ಅಳೆಯೋ ಮುಂಚೆ ಕಾರನ್ನು ಹತ್ತು ಅಡಿ ಹಿಂದೆ ಮುಂದೆ ಉರುಳಿಸಿ. ಜಾಕಿನಿಂದ ಇಳಿಸಿದ ಕೂಡಲೇ ಚಕ್ರಗಳು ಒಳಗೆ ಎಳೆದುಕೊಂಡು ನಿಂತಿರುತ್ತವೆ, ಆಗ ಸಿಗೋ ನಂಬರ್ ಸುಳ್ಳು.

ಕರಾವಳಿ_ಚಕ್ರ
ಹಾಕಿಸುವ ಮೊದಲು ಅಳತೆ ತೆಗೆದಿದ್ದೀರಾ? ಅದಿಲ್ಲದಿದ್ದರೆ ಮೊದಲೇ ವಾಲಿತ್ತಾ ಅಂತ ಹೇಗೆ ಗೊತ್ತಾಗುವುದು ಮಾರಾಯ್ರೆ.

ಕೆಂಪು_ಪೋಲೋ
ಇಲ್ಲ, ತೆಗೆದಿಲ್ಲ. ಅದು ನನ್ನ ತಪ್ಪು. ಹಳೇ ಫೋಟೋಗಳಲ್ಲಿ ನೋಡಿದೆ, ಕಣ್ಣಿಗೆ ಸಮವಾಗೇ ಕಾಣುತ್ತದೆ.

ಈಗ ಸ್ಪ್ಯಾನರ್ ಅವರು ಹೇಳಿದ ಹಾಗೆ ಅಳೆದೆ. ಚಕ್ರದ ಮಧ್ಯದಿಂದ ಫೆಂಡರಿಗೆ:
ಮುಂದೆ ಎಡ 342, ಮುಂದೆ ಬಲ 356.
ಹಿಂದೆ ಎಡ 358, ಹಿಂದೆ ಬಲ 369.
ಮುಂದಿನ ವ್ಯತ್ಯಾಸ 17ರಿಂದ 14ಕ್ಕೆ ಇಳಿಯಿತು. ಗಾಳಿ ನೋಡಿದರೆ ಮುಂದಿನ ಎಡ ಟೈರಿನಲ್ಲಿ 26 ಪಿಎಸ್‌ಐ, ಬಲದಲ್ಲಿ 33. ಆ 3 ಮಿ.ಮೀ. ಎಲ್ಲಿಂದ ಬಂತು ಅಂತ ಗೊತ್ತಾಯಿತು. ಗಾಳಿ ಸರಿ ಮಾಡಿಸಿದ್ದೇನೆ.

ಮಟ್ಟಗೋಲು
ನಾನು ಕಟ್ಟಡ ಕೆಲಸದವನು, ಕಾರಿನ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದರೆ ಒಂದು ಮಾತು. ಅಪಾರ್ಟ್‌ಮೆಂಟ್ ಪಾರ್ಕಿಂಗ್ ನೆಲ ಯಾವತ್ತೂ ಮಟ್ಟ ಇರುವುದಿಲ್ಲ. ನೀರು ಹರಿಯಲಿ ಅಂತ ನಾವೇ ಇಳಿಜಾರು ಕೊಟ್ಟಿರುತ್ತೇವೆ. ಬರೀ ಒಂದೇ ಕಡೆ ಇಳಿಜಾರಿದ್ದರೆ ತೊಂದರೆ ಕಮ್ಮಿ. ಒಂದು ಚಕ್ರ ಮಾತ್ರ ಮೋರಿ ಕಡೆಯ ತಗ್ಗಿನಲ್ಲಿದ್ದರೆ ಕಾರು ತಿರುಚಿಕೊಂಡು ನಿಲ್ಲುತ್ತದೆ. ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾಜಿನ ಥರ ಕಾಣೋ ಪೈಪು ಐದಾರು ಮೀಟರ್ ತಗೊಳ್ಳಿ, ನೀರು ತುಂಬಿಸಿ, ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು ನಾಲ್ಕೂ ಚಕ್ರದ ಹತ್ತಿರ ನೀರಿನ ಮಟ್ಟ ಗುರುತು ಹಾಕಿ. ಚಿಕ್ಕ ರಸಮಟ್ಟಕ್ಕಿಂತ ಇದು ನಂಬಿಕಸ್ತ.

ಸ್ಪ್ಯಾನರ್_13
ಒಳ್ಳೆ ಮಾತು. ಪೈಪು ಸಿಗದಿದ್ದರೆ ಇನ್ನೂ ಸುಲಭ ದಾರಿ ಇದೆ. ಕಾರನ್ನು ಮಟ್ಟವಾಗಿರೋ ಬೇರೆ ಜಾಗದಲ್ಲಿ ನಿಲ್ಲಿಸಿ, ಮತ್ತೆ ಅಳೆಯಿರಿ. ವಾಲಿದ್ದು ಕಾರಿನ ಜೊತೆ ಬಂದರೆ ತೊಂದರೆ ಕಾರಿನದು. ನೆಲದ ಜೊತೆ ಉಳಿದರೆ ನೆಲದ್ದು.

ಘಾಟಿ_ರೋಡ್
ಇಷ್ಟೆಲ್ಲ ಯಾಕೆ? ಎಡಗಡೆ ಸ್ಪ್ರಿಂಗ್ ಕೆಳಗೆ 10 ಮಿ.ಮೀ. ರಬ್ಬರ್ ವಾಷರ್ ಕೊಟ್ಟರೆ ಆಯಿತು. ಜೆ.ಸಿ. ರೋಡಲ್ಲಿ ಸಿಗುತ್ತೆ.

ಪೀಣ್ಯ_ಟರ್ನರ್
ವಾಷರ್ ಕೊಟ್ಟು ಮುಚ್ಚಿಹಾಕೋದು ಬೇಡ. ಕಾರಣ ಗೊತ್ತಿಲ್ಲದೆ ಎಡಗಡೆ ಎತ್ತಿದರೆ ಹಿಂದಿನ ಬಲದ ಮೇಲೆ ಭಾರ ಜಾಸ್ತಿಯಾಗುತ್ತದೆ. ನೋಡೋಕೆ ಸಮ ಇರುತ್ತದೆ, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದೆ.

ನಾನು ಸ್ಪ್ರಿಂಗ್ ಸುತ್ತೋ ಶಾಪಿನಲ್ಲಿ ನಾಲ್ಕು ವರ್ಷ ಇದ್ದೆ. ಸ್ಪ್ರಿಂಗೇ ತಪ್ಪಿರಬಹುದಾ ಅಂತ ಕೇಳಿದರೆ, ಇರಬಹುದು, ಆದರೆ ಇಷ್ಟೊಂದಲ್ಲ. ಸ್ಪ್ರಿಂಗಿನ ಬಿಗಿ ಕಂಬಿಯ ದಪ್ಪದ ನಾಲ್ಕನೇ ಘಾತದ ಮೇಲೆ ಹೋಗುತ್ತದೆ. 12 ಮಿ.ಮೀ. ಕಂಬಿ 12.1 ಆದರೆ ಬಿಗಿ ಶೇ. 3ಕ್ಕಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಕಾರಿನ ಭಾರಕ್ಕೆ ಸ್ಪ್ರಿಂಗ್ 130 ಮಿ.ಮೀ. ಕುಗ್ಗುತ್ತದೆ ಅಂತ ಇಟ್ಟುಕೊಳ್ಳಿ, ಆಗ ವ್ಯತ್ಯಾಸ 4 ಮಿ.ಮೀ. ಆಸುಪಾಸು. ಅಂದರೆ ಕಂಬಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ 4 ಬರಬಹುದು. 14 ಬರಬೇಕಾದರೆ ಸ್ಪ್ರಿಂಗ್ ಕಣ್ಣಿಗೇ ಬೇರೆ ಥರ ಕಾಣಬೇಕು. ಇನ್ನೊಂದು, ಎರಡು ಸ್ಪ್ರಿಂಗನ್ನು ಮೇಜಿನ ಮೇಲೆ ನಿಲ್ಲಿಸಿ ಉದ್ದ ಅಳೆದು "ಸಮ ಇದೆ" ಅಂತ ಹೇಳುವವರ ಮಾತು ನಂಬಬೇಡಿ. ಭಾರ ಹಾಕಿದಾಗಿನ ಉದ್ದವೇ ಲೆಕ್ಕ.

ಸ್ಟುಟ್‌ಗಾರ್ಟ್_ಕನ್ನಡಿಗ
ಜರ್ಮನ್ ಸ್ಪ್ರಿಂಗ್ ಆಗಿದ್ದರೆ ಮೇಲೆ ಅಚ್ಚಾಗಿರೋ ಅಕ್ಷರ ನೋಡಿ. ವಿ.ಎ. ಅಂದರೆ ಮುಂದಿನ ಆಕ್ಸಲ್, ಎಚ್.ಎ. ಅಂದರೆ ಹಿಂದಿನದು. ಪೋಲೋದಲ್ಲಿ ಮುಂದಿನದನ್ನು ಹಿಂದೆ ಹಾಕೋಕೆ ಆಗಲ್ಲ, ಆಕಾರವೇ ಬೇರೆ. ಆದರೆ ಬೇರೆ ಎಂಜಿನ್ನಿನ ಸೆಟ್ ಬೆರೆತು ಬಂದಿರಬಹುದು, ಹಾಗಾಗಿ ಎಡ ಬಲ ಎರಡರ ಪಾರ್ಟ್ ನಂಬರ್ ಒಂದೇನಾ ಅಂತ ನೋಡಿ. ಬರಹ ತಲೆಕೆಳಗಾಗಿ ಕಂಡರೆ ಸ್ಪ್ರಿಂಗೇ ಉಲ್ಟಾ ಕೂತಿರಬಹುದು, ಅದನ್ನೂ ಗಮನಿಸಿ.

ಮೆಲ್ಲಗೆ_ಹೋಗಿ
ನಮ್ಮ ರಸ್ತೆಗೆ ಕಾರು ಇಳಿಸೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬೀದಿಯಲ್ಲಿ ಅದೇ ಎತ್ತರವನ್ನು ಒಂದಡಿ ಅಗಲದಲ್ಲಿ ಕಟ್ಟಿದ್ದಾರೆ. ಕಂಪನಿ ಎತ್ತರದ ಕಾರಿಗೇ ಹೊಟ್ಟೆ ತಾಗುತ್ತದೆ.

ಕೆಂಪು_ಪೋಲೋ
ಸರ್, ನಿಮ್ಮ ಮಾತು ಸರಿ. ನಾನು ಓಡಿಸೋದು ಜಾಸ್ತಿ ನೈಸ್ ರೋಡಿನಲ್ಲಿ, ಭಾನುವಾರ ಬೆಳಗ್ಗೆ. ಆಫೀಸಿಗೆ ಮೆಟ್ರೋ. ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗಬೇಕು ಅಂತ ನನಗೆ ಕಾಲೇಜಿನಿಂದ ಆಸೆ. ಹಂಪ್ ಇರೋ ಕಡೆ ಓರೆಯಾಗಿ ಮೆಲ್ಲಗೆ ಹತ್ತಿಸುತ್ತೇನೆ.

ಲಾರಿ_ಮನೆ
ನಮ್ಮಪ್ಪನದು ಹತ್ತು ಚಕ್ರದ ಲಾರಿ, ಹೊಸಪೇಟೆ ಕಡೆ. ಅಲ್ಲಿಯೂ ಇದೇ ಗೋಳು. ಹಿಂದೆ ಸ್ಪ್ರಿಂಗ್ ಪ್ಲೇಟ್ ಬದಲಾಯಿಸಿದ ಮೇಲೆ ಲಾರಿ ಒಂದು ಕಡೆ ವಾಲುತ್ತಿತ್ತು. ಪ್ಲೇಟ್ ತಂದವನನ್ನು ಬೈದದ್ದೇ ಬೈದದ್ದು. ಕೊನೆಗೆ ಹಳೇ ಮೇಸ್ತ್ರಿ ಬಂದು ನೋಡಿದರೆ ಪ್ಲೇಟುಗಳನ್ನು ಆಕ್ಸಲ್ಲಿಗೆ ಕಟ್ಟಿ ಹಿಡಿಯೋ ಯು ಬೋಲ್ಟುಗಳನ್ನು ಖಾಲಿ ಲಾರಿಯಲ್ಲಿ, ಜಾಕ್ ಮೇಲೆ ಇದ್ದಾಗಲೇ ಬಿಗಿ ಮಾಡಿ ಬಿಟ್ಟಿದ್ದರು. ಸಡಿಲ ಮಾಡಿ, ಭಾರ ನೆಲಕ್ಕೆ ಬಿಟ್ಟು, ಆಮೇಲೆ ಬಿಗಿ ಮಾಡಿದರು. ಲೋಡ್ ಹೊತ್ತು ಒಂದು ಟ್ರಿಪ್ ಹೋಗಿ ಬಂದ ಮೇಲೆ ಇನ್ನೊಂದು ಸಲ ಬಿಗಿ. ಅಷ್ಟಕ್ಕೇ ಸರಿಯಾಯಿತು. ಕಾರಿನಲ್ಲೂ ಇಂಥದ್ದು ಇರುತ್ತಾ ಗೊತ್ತಿಲ್ಲ.

ಸ್ಪ್ಯಾನರ್_13
ಇರುತ್ತೆ ಅಣ್ಣ, ಮೊದಲು ನೋಡಬೇಕಾದ್ದೇ ಅದು. ನಿಮ್ಮ ಮೇಸ್ತ್ರಿಗೆ ಗೊತ್ತಿದ್ದದ್ದು ಎಷ್ಟೋ ಕಾರ್ ಗ್ಯಾರೇಜಿನವರಿಗೆ ಗೊತ್ತಿಲ್ಲ.

ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸೋ ಲೋಯರ್ ಆರ್ಮ್ ಇದೆಯಲ್ಲ, ಅದರ ಬುಷ್ ಹೇಗಿರುತ್ತದೆ ಅಂದರೆ, ನಡುವೆ ಒಂದು ಕಬ್ಬಿಣದ ಕೊಳವೆ, ಸುತ್ತ ಅದಕ್ಕೆ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿ ಮಾಡಿದರೆ ಆ ಕೊಳವೆ ಅಲುಗದ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲೆ, ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ರಬ್ಬರಿಗೆ ಆ ನೇತಾಡುವ ಜಾಗವೇ ಆರಾಮದ ಜಾಗ. ಕಾರನ್ನು ನೆಲಕ್ಕೆ ಇಳಿಸಿದ ಮೇಲೆ ಅದು ಇಡೀ ದಿನ ತಿರುಚಿಕೊಂಡೇ ಇರುತ್ತದೆ, ಆ ಮೂಲೆಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಒಂದು ಕಡೆ ನೇತಾಡುವಾಗ ಬಿಗಿ, ಇನ್ನೊಂದು ಕಡೆ ಭಾರದಲ್ಲಿ ಬಿಗಿ ಮಾಡಿದ್ದರೆ ವಾಲುತ್ತದೆ. ಬುಷ್ ಕೂಡ ಬೇಗ ಹರಿಯುತ್ತದೆ.

ನಿಮ್ಮವರು ಲೋಯರ್ ಆರ್ಮ್ ಬೋಲ್ಟ್ ಮುಟ್ಟಿದ್ದಾರಾ ಕೇಳಿ.

ಕೆಂಪು_ಪೋಲೋ
ಕೇಳಿದೆ. "ಬಲಗಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರೋ ಕಂಬ) ಹೊರಗೆ ಬರಲಿಲ್ಲ, ಅದಕ್ಕೆ ಆರ್ಮ್ ಬೋಲ್ಟ್ ಸಡಿಲ ಮಾಡಿದ್ವಿ" ಅಂದರು. ಎಡಗಡೆ ಮುಟ್ಟಿಲ್ಲವಂತೆ. ಬಿಗಿ ಮಾಡಿದ್ದು ಲಿಫ್ಟ್ ಮೇಲೇ.

ಪೈಪಿನ ನೀರು ಹಿಡಿದೂ ನೋಡಿದೆ. ಹಿಂದಿನ ಎಡ ಚಕ್ರದ ಜಾಗ 4 ಮಿ.ಮೀ. ತಗ್ಗು. ಮಟ್ಟವಾಗಿರೋ ಬೇರೆ ಜಾಗದಲ್ಲಿ ನಿಲ್ಲಿಸಿ ಅಳೆದರೆ ಮುಂದಿನ ವ್ಯತ್ಯಾಸ 14ರ ಬದಲು 13. ನೆಲದ ಪಾಲು ಅಷ್ಟೇ.

ಸ್ಪ್ಯಾನರ್_13
ಬಲಗಡೆ ಮಾತ್ರ, ಅದೂ ಲಿಫ್ಟ್ ಮೇಲೆ. ಒಂದು ಕಳ್ಳ ಸಿಕ್ಕ. ಆದರೆ ಬುಷ್ ಒಂದೇ 13 ಮಿ.ಮೀ. ಕೊಡೋದು ಕಷ್ಟ. ಇನ್ನೂ ಇದ್ದಾರೆ.

ಪೀಣ್ಯ_ಟರ್ನರ್
ಹಿಂದೆ ಬಲ 369, ಎಡ 358. ಇದನ್ನು ಯಾರೂ ಮಾತಾಡುತ್ತಿಲ್ಲ. ಹಿಂದಿನ ಬಲ ಎತ್ತರ ಇದ್ದರೆ ಅದು ಮುಂದಿನ ಎಡವನ್ನು ಒತ್ತುತ್ತದೆ. ಮಂಚದ ಒಂದು ಕಾಲಿನ ಕೆಳಗೆ ಮರದ ತುಂಡು ಇಟ್ಟರೆ ಎದುರು ಮೂಲೆಯ ಕಾಲಿಗೂ ಭಾರ ಬೀಳುತ್ತದಲ್ಲ, ಹಾಗೆ. ಮುಂದೆ ವಾಲಿದೆ ಅಂತ ಮುಂದೆಯೇ ಹುಡುಕಬಾರದು.

ಸುಲಭದ ಪರೀಕ್ಷೆ: ಹಿಂದಿನ ಎರಡೂ ಚಕ್ರ ಜೋಡಿಸೋ ಬೀಮಿನ ನಡುಮಧ್ಯಕ್ಕೆ ಜಾಕ್ ಕೊಟ್ಟು ಹಿಂದಿನ ಚಕ್ರ ಎತ್ತಿ. ಮುಂದೆ ತಾನಾಗೇ ಸಮ ಬಂದರೆ ತಪ್ಪು ಹಿಂದೆ ಇದೆ.

ಸ್ಪ್ಯಾನರ್_13
ಪೀಣ್ಯ ಸರ್, ಲೆಕ್ಕ ಸರಿ, ಪರೀಕ್ಷೆ ಬೇಡ. ಪೋಲೋದ ಹಿಂದಿನ ಬೀಮ್ ಗಟ್ಟಿ ಆಕ್ಸಲ್ ಅಲ್ಲ. ತಿರುಚಲಿ ಅಂತಲೇ ಮಾಡಿದ ತಗಡಿನ ಬೀಮ್. ನಡುವೆ ಜಾಕ್ ಕೊಟ್ಟರೆ ಬಾಗಬಹುದು, ಜಾಕ್ ಜಾರಲೂಬಹುದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬಾಗಿಲ ಕೆಳಗೆ ಗುರುತು ಇರೋ ಜಾಗಕ್ಕೆ ಮಾತ್ರ ಜಾಕ್, ಕೆಳಗೆ ಕೈ ಹಾಕೋದಿದ್ದರೆ ಜಾಕ್ ಸ್ಟ್ಯಾಂಡ್ ಇರಲೇಬೇಕು.

ಪೀಣ್ಯ_ಟರ್ನರ್
ಒಪ್ಪಿದೆ. ನಾನು ಹಳೇ ಅಂಬಾಸಡರ್ ಲೆಕ್ಕದಲ್ಲಿ ಹೇಳಿದ್ದು. ಬೀಮಿಗೆ ಹಾಗೆ ಜಾಕ್ ಕೊಡಬೇಡಿ.

ಬಾನೆಟ್_ಕೆಳಗೆ
ಎರಡನೇ ಮಾಲೀಕ ಅಂದಿರಿ. ಕಾರಿಗೆ ಹಿಂದೆ ಏಟು ಬಿದ್ದಿತ್ತಾ ನೋಡಿ. ಫೆಂಡರ್ ಬದಲಾಯಿಸಿದ್ದರೆ ಅದರ ಅಂಚೇ 4-5 ಮಿ.ಮೀ. ಮೇಲೆ ಕೆಳಗೆ ಕೂತಿರುತ್ತದೆ. ನನ್ನ ಹಳೇ ಕಾರಿನಲ್ಲಿ ಎರಡು ತಿಂಗಳು ಸಸ್ಪೆನ್ಷನ್ ಹುಡುಕಿದೆ, ಕೊನೆಗೆ ಫೆಂಡರ್ ಬೋಲ್ಟ್ ತೂತೇ ಅಗಲ ಮಾಡಿ ಕೂರಿಸಿದ್ದರು. ಫೆಂಡರ್ ಅಳತೆಯ ಜೊತೆಗೆ ಕೆಳಗೆ ಜಾಕ್ ಪಾಯಿಂಟಿನಿಂದ ನೆಲಕ್ಕೂ ಅಳೆಯಿರಿ.

ಕೆಂಪು_ಪೋಲೋ
ಫೆಂಡರ್ ಬೋಲ್ಟ್‌ಗಳ ಬಣ್ಣ ಎಲ್ಲೂ ಕಿತ್ತಿಲ್ಲ. ಗಾಳಿ ಸಮ ಮಾಡಿದ ಮೇಲೆ ಜಾಕ್ ಪಾಯಿಂಟಿನಲ್ಲೂ ಅಳೆದೆ. ಅಲ್ಲಿಯೂ ಎಡ ತಗ್ಗು, ಹೆಚ್ಚುಕಮ್ಮಿ ಅದೇ ಲೆಕ್ಕ. ಫೆಂಡರಿನ ತಪ್ಪಲ್ಲ.

ಹಾಸನದ_ಹುಡುಗ
ಆರ್‌ಟಿಒ ಹಿಡಿದರೆ ಏನು ಮಾಡ್ತೀರಾ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ.

ಘಾಟಿ_ರೋಡ್
ಆರ್‌ಸಿಯಲ್ಲಿ ಸ್ಪ್ರಿಂಗ್ ಬಗ್ಗೆ ಒಂದು ಸಾಲೂ ಇಲ್ಲ. ಬಣ್ಣ, ಇಂಧನ, ಬಾಡಿ ಇವೆಲ್ಲ ಇರುತ್ತದೆ. ಸ್ಪ್ರಿಂಗಿಗೆ ಯಾರೂ ಹಿಡಿದದ್ದು ನಾನು ಕಂಡಿಲ್ಲ.

ಹಾಸನದ_ಹುಡುಗ
ಹಿಡಿದದ್ದು ಕಂಡಿಲ್ಲ ಅಂದರೆ ತಪ್ಪಲ್ಲ ಅಂತ ಅರ್ಥವಲ್ಲ. ಪೊಲೀಸರ ಮಾತು ಬಿಡಿ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸಿನವರು ಕೇಳುವ ಮೊದಲ ಪ್ರಶ್ನೆಯೇ ಅದು. ಮೊದಲೇ ತಿಳಿಸಿಲ್ಲ ಅಂದರೆ ಕ್ಲೇಮಿಗೆ ತಕರಾರು ಬರುತ್ತದೆ. ನನ್ನ ಚಿಕ್ಕಪ್ಪನ ಮಗನಿಗೆ ಬಂದಿದೆ, ಅದಕ್ಕೇ ಹೇಳುತ್ತಿದ್ದೇನೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಸ್ಪ್ರಿಂಗ್ ಜೊತೆ ಒಂದು ಪ್ರಮಾಣಪತ್ರ ಬರುತ್ತದೆ. ಹಾಕಿಸಿದ ಮೇಲೆ ಕಾರನ್ನು ಟ್ಯೂಫ್ ಥರದ ತಪಾಸಣೆ ಸಂಸ್ಥೆಗೆ ಒಯ್ಯಬೇಕು. ಯಾವ ಕಾರಿಗೆ, ಎಷ್ಟು ಆಕ್ಸಲ್ ಭಾರದವರೆಗೆ ಅಂತ ಆ ಕಾಗದದಲ್ಲಿ ಇರುತ್ತದೆ. ಅವರು ಸ್ಪ್ರಿಂಗ್ ಮೇಲಿನ ನಂಬರ್ ನೋಡುತ್ತಾರೆ, ಚಕ್ರದ ಮಧ್ಯದಿಂದ ಫೆಂಡರಿಗೆ ಅಳೆದು ಬರೆದುಕೊಳ್ಳುತ್ತಾರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಟೈರ್ ತಾಗುತ್ತಾ ನೋಡುತ್ತಾರೆ, ಹೆಡ್‌ಲೈಟ್ ಎಲ್ಲಿಗೆ ಬೀಳುತ್ತದೆ ಅಂತ ನೋಡುತ್ತಾರೆ. ನಮ್ಮಲ್ಲಿಯೂ ಇಂಥ ದಾರಿ ಒಂದು ಇದ್ದಿದ್ದರೆ ಸರಿಯಾಗಿ ಮಾಡಿಸುವವರಿಗೆ ಹೆದರಿಕೆ ಇರುತ್ತಿರಲಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಪೋಲೋದ ಮುಂದಿನ ಸ್ಟ್ರಟ್ ನಕಲ್ (ಚಕ್ರ ಕೂರೋ ಲೋಹದ ತುಂಡು) ಒಳಗೆ ಕೊಳವೆಯಂತೆ ಇಳಿದು ಕೂರುತ್ತದೆ. ಸ್ವಿಫ್ಟ್ ಥರ ಎರಡು ಬೋಲ್ಟಿನಲ್ಲಿ ಪಕ್ಕಕ್ಕೆ ಅಂಟಿಕೊಳ್ಳುವುದಿಲ್ಲ. ನಕಲ್ ಬಾಯಿ ಅಗಲಿಸೋಕೆ ಒಂದು ಉಪಕರಣ ಬೇಕು. ಅದಿಲ್ಲದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ತಳ ಮುಟ್ಟೋ ಮುಂಚೆ ನಿಲ್ಲುತ್ತದೆ. ಎಷ್ಟು ಕಡಿಮೆ ಇಳಿದಿದೆಯೋ ಹೆಚ್ಚುಕಮ್ಮಿ ಅಷ್ಟೇ ಆ ಮೂಲೆ ಎತ್ತರ. ನಿಮ್ಮ ಬಲಗಡೆ "ಸ್ಟ್ರಟ್ ಹೊರಗೆ ಬರಲಿಲ್ಲ" ಅಂದರಲ್ಲ, ಒಳಗೆ ಹೋಗುವಾಗಲೂ ಹಟ ಮಾಡಿರುತ್ತದೆ. ನಕಲ್ ಮೇಲಂಚಿನಿಂದ ಸ್ಪ್ರಿಂಗ್ ಕೂರೋ ಬಟ್ಟಲಿನ ತಳಕ್ಕೆ ಎಡ ಬಲ ಎರಡೂ ಅಳೆಯಿರಿ. ಏನೂ ಬಿಚ್ಚಬೇಕಿಲ್ಲ. ಚಕ್ರ ಪೂರ್ತಿ ತಿರುಗಿಸಿದರೆ ಟೇಪು ಹೋಗುತ್ತದೆ.

ಸ್ಪ್ಯಾನರ್_13
ಇದು ನನಗೆ ಹೊಳೆದಿರಲಿಲ್ಲ. ಖಂಡಿತ ಅಳೆಯಿರಿ. ಹಿಂದೆಯೂ ಟಾರ್ಚ್ ಹಾಕಿ ಸ್ಪ್ರಿಂಗ್ ಬಾಲದ ತುದಿ ನೋಡಿ. ಕೆಳಗಿನ ರಬ್ಬರ್ ಸೀಟಿನಲ್ಲಿ ಒಂದು ಮೆಟ್ಟಿಲು ಇರುತ್ತದೆ, ಬಾಲದ ತುದಿ ಅದಕ್ಕೆ ತಾಗಿ ನಿಲ್ಲಬೇಕು. ಎರಡೂ ಕಡೆ ಫೋಟೋ ತೆಗೆದು ಹೋಲಿಸಿ. ಹಿಂದೆ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ, ಕಾರು ಇಳಿಸುವಾಗ ಸ್ಪ್ರಿಂಗ್ ತಿರುಗಿ ಕೂರೋದು ಸಾಮಾನ್ಯ.

ಕೆಂಪು_ಪೋಲೋ
ಮಳೆ ಬರುತ್ತಿದ್ದರೂ ಹೋಗಿ ನೋಡಿ ಬಂದೆ. ಕೈ ನಡುಗುತ್ತಿದೆ, ಖುಷಿಗೆ.

ನಕಲ್ ಅಂಚಿನಿಂದ ಬಟ್ಟಲಿನ ತಳಕ್ಕೆ: ಬಲಗಡೆ ಎಡಕ್ಕಿಂತ 5 ಮಿ.ಮೀ. ಜಾಸ್ತಿ. ಮೂರು ಸಲ ಅಳೆದೆ.

ಹಿಂದೆ ಬಲ: ಸ್ಪ್ರಿಂಗ್ ಬಾಲದ ತುದಿ ಮೆಟ್ಟಿಲಿನಿಂದ ನಾಲ್ಕು ಬೆರಳು ಆಚೆ ಇದೆ. ಕೆಳಗಿನ ರಬ್ಬರ್ ಒಂದು ಕಡೆ ಮಡಚಿಕೊಂಡು ಎರಡು ಪದರ ಆಗಿದೆ. ಎಡಗಡೆ ಸರಿಯಾಗಿ ಕೂತಿದೆ.

ಪೀಣ್ಯ_ಟರ್ನರ್
ಹೇಳಲಿಲ್ವಾ, ಹಿಂದೆ ನೋಡಿ ಅಂತ!

ಕರಾವಳಿ_ಚಕ್ರ
ಮೂರು ತಪ್ಪು, ಮೂರೂ ಬಲದಲ್ಲಿ. ಬಲಗಡೆ ಯಾರೋ ಕೆಲಸ ಕಲಿಯುವವರು ಕೂತಿದ್ದರು ಅಂತ ಕಾಣುತ್ತದೆ. ಮಂಗಳೂರಿನಲ್ಲಿ ನಮ್ಮ ಮೆಕ್ಯಾನಿಕ್ ಒಂದು ಕಡೆ ತಾನು ಮಾಡಿ ಇನ್ನೊಂದು ಕಡೆ ಹುಡುಗನಿಗೆ ಬಿಡುತ್ತಾರೆ. ಆದರೆ ಕೊನೆಗೆ ಎರಡೂ ಕಡೆ ತಾನೇ ಕೈ ಹಾಕಿ ನೋಡುತ್ತಾರೆ.

ಸ್ಪ್ಯಾನರ್_13
ಈಗ ಒಂದು ಕೆಲಸ ಮಾಡಿ. ಮೂರನ್ನೂ ಒಟ್ಟಿಗೆ ಸರಿ ಮಾಡಿಸಬೇಡಿ. ಒಂದೊಂದೇ ಮಾಡಿಸಿ, ಪ್ರತಿ ಸಲ ಉರುಳಿಸಿ ಅಳೆಯಿರಿ. ಯಾವುದರ ಪಾಲು ಎಷ್ಟು ಅಂತ ಗೊತ್ತಾಗುತ್ತದೆ. ಮುಂದೆ ಬರುವವರಿಗೂ ಆ ನಂಬರ್ ಬೇಕು. ಲಿಂಕ್ ರಾಡ್ ಎರಡೂ ಕಡೆ ಬಿಚ್ಚಿಟ್ಟು ಅಳೆಯಿರಿ, ಇಲ್ಲದಿದ್ದರೆ ಆ ರಾಡ್ ಮೂಲಕ ಎಡ ಬಲ ಎರಡನ್ನೂ ಜೋಡಿಸೋ ಆಂಟಿ ರೋಲ್ ಬಾರ್ ಒಂದು ಕಡೆಯನ್ನು ಹಿಡಿದು ಎಳೆಯುತ್ತಿರುತ್ತದೆ. ಬಿಚ್ಚಿದ ಸ್ಥಿತಿಯಲ್ಲಿ ರಸ್ತೆಗೆ ಇಳಿಸಬೇಡಿ.

ಬೋಲ್ಟ್ ಹೊಸದು ತಗೊಳ್ಳಿ. ಫೋಕ್ಸ್‌ವ್ಯಾಗನ್‌ನಲ್ಲಿ ಟಾರ್ಕ್ (ಬಿಗಿ ಮಾಡೋ ಬಲದ ಅಳತೆ) ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಇರೋ ಬೋಲ್ಟ್ ಎಳೆದುಕೊಳ್ಳುವ ಜಾತಿಯದು, ಎರಡನೇ ಸಲ ಬಳಸಬಾರದು.

ಮತ್ತೆ, ಸ್ಟ್ರಟ್ಟಿನಿಂದ ಸ್ಪ್ರಿಂಗ್ ಬಿಚ್ಚೋ ಕೆಲಸ ಮನೆಯಲ್ಲಿ ಬೇಡವೇ ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈ, ಮುಖ ಉಳಿಯುವುದಿಲ್ಲ. ನಿಮ್ಮ ಕೇಸಿನಲ್ಲಿ ಅದು ಬೇಕಾಗಿಯೂ ಇಲ್ಲ.

ಮೆಲ್ಲಗೆ_ಹೋಗಿ
ನಾನು ಕಾರು ಇಳಿಸೋದಕ್ಕೆ ವಿರೋಧ. ಆದರೂ ಈ ಮಾತುಕತೆ ಪೂರ್ತಿ ಓದಿದೆ. ನನ್ನ ವ್ಯಾಗನ್ ಆರ್ ಹಿಂದೆ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಟಕ್ ಟಕ್ ಸದ್ದು ಬರುತ್ತಿದೆ. ಅದೂ ಬಾಲದ ತುದಿಯೇ ಇರಬಹುದಾ?

ಸ್ಪ್ಯಾನರ್_13
ಇರಬಹುದು ಸರ್. ಹಂಪ್ ಇಳಿಯುವಾಗ, ಚಕ್ರ ಕೆಳಗೆ ಇಳಿದಾಗ ಸದ್ದು ಬಂದರೆ ಜಾಸ್ತಿ ಅನುಮಾನ ಅದರ ಮೇಲೆ. ಟಾರ್ಚ್ ಹಾಕಿ ನೋಡಿ, ಎರಡು ನಿಮಿಷದ ಕೆಲಸ.

ಕೆಂಪು_ಪೋಲೋ
ಎಲ್ಲ ಮುಗಿಯಿತು. ಬೇರೆ ಗ್ಯಾರೇಜಿಗೆ ಹೋದೆ. ಮೊದಲೇ ಹೇಳಿದೆ, ಒಂದೊಂದಾಗಿ ಮಾಡಿ, ನಾನು ಪಕ್ಕದಲ್ಲಿ ನಿಂತು ಅಳೆಯುತ್ತೇನೆ ಅಂತ. ಮೇಸ್ತ್ರಿ ಬೇಜಾರು ಮಾಡಿಕೊಳ್ಳಲಿಲ್ಲ, ತಾವೇ ಟೇಪಿನ ಇನ್ನೊಂದು ತುದಿ ಹಿಡಿದರು. ಬೆಳಗ್ಗೆ ಹತ್ತಕ್ಕೆ ಹೋದವನು ಸಂಜೆ ಐದಕ್ಕೆ ಬಂದೆ.

ಮೊದಲು ಲೋಯರ್ ಆರ್ಮ್ ಬೋಲ್ಟ್. ನಾಲ್ಕೂ ಚಕ್ರ ಹಲಗೆ ಮೇಲೆ ನಿಲ್ಲೋ ಲಿಫ್ಟ್ ಅವರಲ್ಲಿ ಇತ್ತು. ಭಾರದಲ್ಲಿ ಎರಡೂ ಕಡೆ ಸಡಿಲ ಮಾಡಿ, ಕಾರನ್ನು ಕುಣಿಸಿ, ಬಿಗಿ ಮಾಡಿದರು. ಮುಂದೆ ಬಲ 356ರಿಂದ 352ಕ್ಕೆ ಇಳಿಯಿತು. ಎಡ 342ರಿಂದ 341. ವ್ಯತ್ಯಾಸ 11.

ಆಮೇಲೆ ಹಿಂದಿನ ಬಲ ಸ್ಪ್ರಿಂಗ್. ಹೊಸ ರಬ್ಬರ್ ಹಾಕಿ ಬಾಲವನ್ನು ಮೆಟ್ಟಿಲಿಗೆ ಕೂರಿಸಿದರು. ಹಿಂದೆ ಬಲ 369ರಿಂದ 360. ಹಿಂದೆ ಎಡ 356. ಮುಂದಿನದನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಮುಂದೆ ಎಡ ತಾನಾಗೇ 344ಕ್ಕೆ ಎದ್ದಿತು, ಬಲ 350ಕ್ಕೆ ಇಳಿಯಿತು! ಪೀಣ್ಯ ಸರ್ ಹೇಳಿದ ಮಂಚದ ಲೆಕ್ಕ ಕಣ್ಣಾರೆ ಕಂಡೆ. ವ್ಯತ್ಯಾಸ 6.

ಕೊನೆಗೆ ಬಲಗಡೆ ಸ್ಟ್ರಟ್. ನಕಲ್ ಅಗಲಿಸೋ ಉಪಕರಣ ಹಾಕಿ, ತುಕ್ಕು ಉಜ್ಜಿ, ಕೆಳಗಿನಿಂದ ಮೆಲ್ಲಗೆ ಜಾಕ್ ಕೊಟ್ಟು ಒತ್ತಿದರು. ಟಕ್ ಅಂತ ತಳ ಮುಟ್ಟಿದ್ದು ಕೇಳಿಸಿತು.

ಈಗಿನ ಲೆಕ್ಕ: ಮುಂದೆ ಎಡ 344, ಬಲ 347. ಹಿಂದೆ ಎಡ 357, ಬಲ 359.

ಬಾನೆಟ್_ಕೆಳಗೆ
ಮುಂದೆ 3, ಹಿಂದೆ 2. ಇಲ್ಲಿಗೆ ನಿಲ್ಲಿಸಿ. ಕಂಪನಿಯಿಂದ ಹೊಸದಾಗಿ ಬಂದ ಕಾರಿನಲ್ಲೂ ಅಷ್ಟು ಇರುತ್ತದೆ.

ಘಾಟಿ_ರೋಡ್
ನಾನು ಸೆಟ್ ಆಗುತ್ತೆ ಅಂದಿದ್ದೆ, ವಾಷರ್ ಹಾಕಿ ಅಂದಿದ್ದೆ. ಎರಡೂ ತಪ್ಪಾಯಿತು. ನನ್ನ ಕಾರಿಗೆ ಎರಡು ವರ್ಷದ ಹಿಂದೆ ವಾಷರ್ ಹಾಕಿಸಿದ್ದೇನೆ, ಆಗ ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಭಾನುವಾರ ನಾನೂ ನಾಲ್ಕು ಮೂಲೆ ಅಳೆಯುತ್ತೇನೆ. ಆ ಮೇಸ್ತ್ರಿ ಇರೋದು ಯಾವ ಏರಿಯಾ?

ಕೆಂಪು_ಪೋಲೋ
ಮೆಸೇಜಿನಲ್ಲಿ ಕಳಿಸುತ್ತೇನೆ ಅಣ್ಣ. ವಾಷರ್ ತೆಗೆದ ಮೇಲಿನ ನಂಬರನ್ನು ಇಲ್ಲಿ ಹಾಕಿ.

ಸ್ಟುಟ್‌ಗಾರ್ಟ್_ಕನ್ನಡಿಗ
ವೀಲ್ ಅಲೈನ್‌ಮೆಂಟ್ ಮಾಡಿಸಿದಿರಾ? ಕಾರು ಇಳಿದರೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿದ ಕೋನ), ಟೋ (ಚಕ್ರದ ಮುಂಭಾಗ ಒಳಗೆ ಹೊರಗೆ ತಿರುಗಿದ ಕೋನ) ಎರಡೂ ಬದಲಾಗುತ್ತವೆ. ಟೋ ಸರಿ ಮಾಡಿಸದೆ ಬಿಟ್ಟರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಕೆಂಪು_ಪೋಲೋ
ಇವತ್ತು ಮಾಡಿಸಿದೆ. ಸ್ಟೀರಿಂಗ್ ನೇರ ಬಂತು. ಹೆಡ್‌ಲೈಟನ್ನೂ ಗೋಡೆಗೆ ಬಿಟ್ಟು ಸರಿ ಮಾಡಿಸಿದೆ. ಇನ್ಶೂರೆನ್ಸಿನವರಿಗೆ ಈಮೇಲ್ ಬರೆದಿದ್ದೇನೆ, ಉತ್ತರ ಬಂದ ಮೇಲೆ ತಿಳಿಸುತ್ತೇನೆ.

ಲಾರಿ_ಮನೆ
500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟಿಗೂ ಇನ್ನೊಂದು ಸಲ ಟಾರ್ಕ್ ನೋಡಿಸಿ. ಕಾರು ನೆಲದ ಮೇಲೆ ಇರುವಾಗಲೇ.

ಕೆಂಪು_ಪೋಲೋ
ಆಗಲಿ ಅಣ್ಣ. ಈಗ 112 ಆಗಿದೆ. ಅವತ್ತೂ ನಾಲ್ಕು ಮೂಲೆ ಅಳೆದು ಇಲ್ಲೇ ಬರೆಯುತ್ತೇನೆ.